ಫ್ಯಾಕ್ಟೋರಿಯೋ: ರೈಲುಗಳು ನಿಂತುಬಿಟ್ಟರೆ ದೋಷ ಹುಡುಕುವ ಬಗೆ

ಕಾರ್ಖಾನೆ ಕಟ್ಟುವ ಕಂಪ್ಯೂಟರ್ ಆಟ ಫ್ಯಾಕ್ಟೋರಿಯೋದಲ್ಲಿ ರೈಲುಗಳು ನಿಂತುಬಿಟ್ಟಿವೆ: ಕುಲುಮೆಗಳು ಒಂದೊಂದಾಗಿ ಆರುತ್ತಿವೆ, ಸರಕು ಸಾಗಿಸುವ ಬೆಲ್ಟ್ ಖಾಲಿ, ಮ್ಯಾಪ್ ತೆರೆದರೆ ಮುಖ್ಯ ಹಳಿಯುದ್ದಕ್ಕೂ ರೈಲುಗಳ ಸಾಲು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವುದು ಕಂಡಕಂಡಲ್ಲಿ ಇನ್ನೂ ನಾಲ್ಕು ಸಿಗ್ನಲ್ ನೆಡುವ ಕೆಲಸ. ಅದೊಂದನ್ನು ಮಾಡಬೇಡಿ. ಸಿಗ್ನಲ್ ಹೆಚ್ಚಿದಷ್ಟೂ ರೈಲು ನಿಲ್ಲಬಹುದಾದ ಜಾಗಗಳು ಹೆಚ್ಚುತ್ತವೆ. ನಿಲ್ಲಬಾರದ ಜಾಗದಲ್ಲಿ ಯಾವುದೋ ಒಂದು ರೈಲು ನಿಂತಿದ್ದರಿಂದಲೇ ಜಾಮ್ ಆಗಿರುವುದು. ಆ ಒಂದು ರೈಲು ಯಾವುದು, ಅಲ್ಲೇಕೆ ನಿಂತಿತು ಎಂದು ಹುಡುಕುವುದೇ ಇಲ್ಲಿನ ಕೆಲಸ.

ಕೆಳಗಿನ ವಿವರಗಳು 2024ರ ಅಕ್ಟೋಬರ್ 21ರಂದು ಬಂದ 2.0 ಆವೃತ್ತಿಗೆ ಹೊಂದುತ್ತವೆ. ಹಿಂದಿನ 1.1 ಆಡುವವರಿಗೂ ಸಿಗ್ನಲ್ ಮತ್ತು ಟ್ರೈನ್ ಲಿಮಿಟ್ (ಒಂದು ಸ್ಟೇಷನ್ನಿಗೆ ಒಟ್ಟಿಗೆ ಎಷ್ಟು ರೈಲು ಬರಬಹುದೆಂಬ ಮಿತಿ) ಭಾಗ ಹಾಗೇ ಅನ್ವಯಿಸುತ್ತದೆ. ಇಂಟರಪ್ಟ್ (ಷರತ್ತು ಕೂಡಿಬಂದಾಗ ರೈಲನ್ನು ಬೇರೆಡೆಗೆ ತಿರುಗಿಸುವ ಸೂಚನೆ) ಮತ್ತು ಸ್ಟೇಷನ್ ಪ್ರಯಾರಿಟಿ (ಯಾವ ಸ್ಟೇಷನ್ನಿಗೆ ಮೊದಲ ಆದ್ಯತೆ ಎಂಬ ಸಂಖ್ಯೆ) ಮಾತ್ರ ಅವರಿಗೆ ಸಿಗುವುದಿಲ್ಲ.

ಸಾಲಿನ ತಲೆ ಹಿಡಿಯಿರಿ

ಸಾಲಿನ ಕೊನೆಯಲ್ಲೋ ನಡುವೆಯೋ ಇರುವ ರೈಲನ್ನು ನೋಡಿ ಪ್ರಯೋಜನವಿಲ್ಲ, ಅವೆಲ್ಲ ಮುಂದಿನದಕ್ಕಾಗಿ ಕಾಯುತ್ತಿರುತ್ತವೆ. ಹಿಂದಿನಿಂದ ಮುಂದಕ್ಕೆ ಹೋಗುತ್ತಾ ಸಾಲಿನ ತಲೆಯಲ್ಲಿರುವ ರೈಲನ್ನು ಕ್ಲಿಕ್ ಮಾಡಿ, ಅದರ ಸ್ಥಿತಿ ಏನೆಂದು ಓದಿ. ಹೆಚ್ಚಾಗಿ ಕಾಣುವುದು ಇಷ್ಟರಲ್ಲಿ ಒಂದು: ಸಿಗ್ನಲ್‌ಗಾಗಿ ಕಾಯುತ್ತಿದೆ, ನೋ ಪಾತ್ (ದಾರಿಯಿಲ್ಲ), ಡೆಸ್ಟಿನೇಷನ್ ಫುಲ್ (ಹೋಗಬೇಕಾದ ಸ್ಟೇಷನ್ ಭರ್ತಿ), ಇಂಧನ ಇಲ್ಲ, ಸ್ಟೇಷನ್ನಿನಲ್ಲಿ ವೇಟ್ ಕಂಡೀಷನ್ (ಹೊರಡಲು ಇಟ್ಟ ಷರತ್ತು) ಮುಗಿದಿಲ್ಲ. ಆರನೆಯದು ಮ್ಯಾನುವಲ್ ಮೋಡ್, ಅಂದರೆ ಆಟಗಾರನೇ ಓಡಿಸುವ ಸ್ಥಿತಿ. ಹಳಿ ಹಾಕುವಾಗ ಹತ್ತಿಕೊಂಡು ಹೋಗಿ, ಇಳಿದು, ಮರೆತುಬಿಟ್ಟ ರೈಲು ಅದು. ತಮಾಷೆಯಲ್ಲ, ದೊಡ್ಡ ಜಾಲದಲ್ಲಿ ಮೊದಲು ನೋಡಬೇಕಾದದ್ದೇ ಇದು.

ತಲೆಯೇ ಸಿಗದಿದ್ದರೆ, ಅಂದರೆ 'ಅ' ರೈಲು 'ಆ' ಗಾಗಿ, 'ಆ' ರೈಲು 'ಇ' ಗಾಗಿ, 'ಇ' ಮತ್ತೆ 'ಅ' ಗಾಗಿ ಕಾಯುತ್ತಿದ್ದರೆ, ಅದು ಡೆಡ್‌ಲಾಕ್. ತಾನಾಗಿ ಎಂದೂ ಬಿಡುವುದಿಲ್ಲ. ಬಿಡಿಸಲು ಒಂದು ರೈಲನ್ನು ಹತ್ತಿ, ಮ್ಯಾನುವಲ್‌ಗೆ ಹಾಕಿ, ಹಿಂದೆ ಜಾಗವಿದ್ದರೆ ರಿವರ್ಸ್ ತೆಗೆದು ಜಂಕ್ಷನ್ ಖಾಲಿ ಮಾಡಿ. ಮ್ಯಾನುವಲ್ ರೈಲಿಗೆ ಯಾವ ಸಿಗ್ನಲ್ಲೂ ಅಡ್ಡ ಬರುವುದಿಲ್ಲ, ಆದ್ದರಿಂದ ಇನ್ನೊಂದಕ್ಕೆ ಗುದ್ದುವುದೂ ಸುಲಭ. ಆದರೆ ಬಿಡಿಸುವ ಮುನ್ನ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕಾರಣ ತಿಳಿಯದೆ ಬಿಡಿಸಿದ ಜಾಮ್ ಅದೇ ಜಾಗದಲ್ಲಿ ಮತ್ತೆ ಬರುತ್ತದೆ.

ಸಿಗ್ನಲ್ ಮುಂದೆ ನಿಂತಿದ್ದರೆ

ಕೈಯಲ್ಲಿ ಒಂದು ಸಿಗ್ನಲ್ ಹಿಡಿದು ಜಂಕ್ಷನ್ ಬಳಿ ನಿಲ್ಲಿ. ಹಳಿಗಳ ಮೇಲೆ ಬಣ್ಣಬಣ್ಣದ ಗೆರೆಗಳು ಮೂಡುತ್ತವೆ, ಒಂದು ಬಣ್ಣದ ತುಂಡು ಒಂದು ಬ್ಲಾಕ್. ಒಂದು ಬ್ಲಾಕಿನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಹಳಿಗಳು ಒಂದನ್ನೊಂದು ದಾಟಿದರೂ ಸೇರಿದರೂ ಬ್ಲಾಕ್ ಒಂದಾಗುತ್ತದೆ. ಆದ್ದರಿಂದ ಅಪ್ ಮತ್ತು ಡೌನ್ ಹಳಿಗಳೆರಡೂ ಒಂದೇ ಬಣ್ಣದಲ್ಲಿ ಕಂಡರೆ ಎಲ್ಲೋ ಸಿಗ್ನಲ್ ಬಿಟ್ಟುಹೋಗಿದೆ, ಅಥವಾ ಆಟದ ಶತ್ರು ಕೀಟಗಳಾದ ಬೈಟರ್‌ಗಳು ಕಡಿದುಹಾಕಿವೆ. ಒಂದೇ ಒಂದು ಸಿಗ್ನಲ್ ನಾಶವಾದರೂ ಎರಡು ಬ್ಲಾಕ್ ಸೇರಿ ಒಂದಾಗಿ, ನಿನ್ನೆಯವರೆಗೆ ಓಡುತ್ತಿದ್ದ ಜಂಕ್ಷನ್ ಇದ್ದಕ್ಕಿದ್ದಂತೆ ಕಟ್ಟಿಕೊಳ್ಳುತ್ತದೆ.

ಬಣ್ಣ ಓದುವುದು: ಸಾಮಾನ್ಯವಾದ ರೈಲ್ ಸಿಗ್ನಲ್ಲಿನಲ್ಲಿ ಹಸಿರು ಎಂದರೆ ಮುಂದಿನ ಬ್ಲಾಕ್ ಖಾಲಿ, ಹಳದಿ ಎಂದರೆ ಬರುತ್ತಿರುವ ಯಾವುದೋ ರೈಲು ಅದನ್ನು ಕಾಯ್ದಿರಿಸಿದೆ, ಕೆಂಪು ಎಂದರೆ ಒಳಗೆ ರೈಲಿದೆ. ಚೈನ್ ಸಿಗ್ನಲ್ ತನ್ನ ಮುಂದಿನ ಸಿಗ್ನಲ್ಲನ್ನೂ ನೋಡಿಯೇ ಬಣ್ಣ ತೋರಿಸುತ್ತದೆ. ಮುಂದೆ ಹಲವು ದಾರಿಗಳಿದ್ದು ಕೆಲವು ತೆರೆದು ಕೆಲವು ಮುಚ್ಚಿದ್ದರೆ ಅದು ನೀಲಿ. ನೀಲಿ ಕಂಡರೆ ಗಾಬರಿ ಬೇಡ, ತೆರೆದ ದಾರಿಗೆ ಹೋಗುವ ರೈಲನ್ನು ಅದು ಬಿಡುತ್ತದೆ.

ನಿಯಮ ಎಲ್ಲರಿಗೂ ಗೊತ್ತಿರುವಂಥದ್ದು: ಜಂಕ್ಷನ್ನಿಗೆ ಹೋಗುವ ಬಾಯಲ್ಲಿ ಮತ್ತು ಒಳಗೆಲ್ಲ ಚೈನ್ ಸಿಗ್ನಲ್, ಹೊರಬೀಳುವ ಕಡೆ ರೈಲ್ ಸಿಗ್ನಲ್. ಇದಕ್ಕಂಟಿಕೊಂಡ ಇನ್ನೊಂದು ಅರ್ಧವನ್ನು ಮರೆಯುತ್ತಾರೆ. ಹೊರಬಿದ್ದ ಮೇಲಿನ ಮೊದಲ ಬ್ಲಾಕ್ ನಿಮ್ಮ ಅತಿ ಉದ್ದದ ರೈಲು ಪೂರ್ತಿ ಹಿಡಿಯುವಷ್ಟು ಉದ್ದವಿರಬೇಕು. ಲೆಕ್ಕ ಹಾಕೋಣ. ಇಂಜಿನ್ ಆಗಲಿ ವ್ಯಾಗನ್ ಆಗಲಿ 6 ಟೈಲ್ (ಆಟದ ನೆಲದ ಒಂದು ಚೌಕವೇ ಒಂದು ಟೈಲ್) ಉದ್ದ, ಎರಡರ ನಡುವೆ 1 ಟೈಲ್. ಎರಡು ಇಂಜಿನ್ ನಾಲ್ಕು ವ್ಯಾಗನ್ನಿನ ರೈಲು 41 ಟೈಲ್. ಒಂದು ನೇರ ಹಳಿ 2 ಟೈಲ್, ಹಾಗಾಗಿ 21 ಹಳಿ ಬೇಕೇ ಬೇಕು. ಇಂಜಿನ್ ಸಿಗ್ನಲ್ಲಿಗೆ ಮುತ್ತಿಡುವಂತೆ ನಿಲ್ಲುವುದಿಲ್ಲವಾದ್ದರಿಂದ 23 ಇಟ್ಟುಕೊಳ್ಳುವುದು ಕ್ಷೇಮ.

ಈಗ ತಪ್ಪು ಹೇಗೆ ಆಗುತ್ತದೆ ನೋಡಿ. ಟಿ ಆಕಾರದ ಜಂಕ್ಷನ್, ಬಾಯಲ್ಲಿ ಚೈನ್, ಹೊರಗೆ ರೈಲ್ ಸಿಗ್ನಲ್, ಎಲ್ಲ ಸರಿ. ಅಲ್ಲಿಂದ 10 ಹಳಿ ದೂರದಲ್ಲಿ ಯಾರೋ ಇನ್ನೊಂದು ರೈಲ್ ಸಿಗ್ನಲ್ ಹಾಕಿದ್ದಾರೆ. ಹೊರಗಿನ ಬ್ಲಾಕ್ ಖಾಲಿ ಇದೆಯೆಂದು ಚೈನ್ ಸಿಗ್ನಲ್ ರೈಲನ್ನು ಬಿಡುತ್ತದೆ. ರೈಲು 20 ಟೈಲ್ ಮುಂದೆ ಹೋಗಿ ಎರಡನೆಯ ಸಿಗ್ನಲ್ ಕೆಂಪಿದ್ದರೆ ನಿಲ್ಲುತ್ತದೆ. ಅರ್ಧ ರೈಲು ಆಚೆ, ಹಿಂದಿನ ಮೂರು ವ್ಯಾಗನ್ ಜಂಕ್ಷನ್ ಮೇಲೆ. ಅಡ್ಡ ಬರುವ ರೈಲುಗಳೆಲ್ಲ ನಿಂತವು. ಆ ಅಡ್ಡ ರೈಲುಗಳಲ್ಲೊಂದು ಹೊರಟರೆ ಮಾತ್ರ ಎರಡನೆಯ ಸಿಗ್ನಲ್ ಹಸಿರಾಗುವಂತಿದ್ದರೆ, ಡೆಡ್‌ಲಾಕ್ ಪೂರ್ಣವಾಯಿತು. ಪರಿಹಾರ ಆ ಎರಡನೆಯ ಸಿಗ್ನಲ್ಲನ್ನು ಕಿತ್ತುಹಾಕುವುದು, ಇಲ್ಲವೇ 23 ಹಳಿಯಾಚೆಗೆ ಸರಿಸುವುದು. ಅಷ್ಟು ಜಾಗವೇ ಇಲ್ಲ, ಮುಂದಿನ ಜಂಕ್ಷನ್ ಹತ್ತಿರದಲ್ಲೇ ಇದೆ ಎಂದಾದರೆ ಎರಡೂ ಜಂಕ್ಷನ್ನುಗಳನ್ನು ಒಂದೇ ಎಂದು ಭಾವಿಸಿ, ನಡುವಿನವೆಲ್ಲ ಚೈನ್ ಮಾಡಿ.

ಉದ್ದ ಎಣಿಸಲು ಬೇಸರವಾದರೆ ಕೈಯಲ್ಲಿ ಟ್ರೈನ್ ಸ್ಟಾಪ್ (ಸ್ಟೇಷನ್ ಮಾಡಲು ಹಳಿಯ ಪಕ್ಕ ನೆಡುವ ವಸ್ತು) ಹಿಡಿದು ಹಳಿಯ ಪಕ್ಕ ತನ್ನಿ, ಇಂಜಿನ್ ವ್ಯಾಗನ್‌ಗಳ ಚೌಕಗಳು ಹಳಿಯ ಮೇಲೆ ಮೂಡುತ್ತವೆ.

ಇದರ ತಿರುಗುಮುರುಗು ರೋಗವೂ ಉಂಟು. ಚೈನ್ ಸಿಗ್ನಲ್ ಒಳ್ಳೆಯದು ಎಂದು ಮುಖ್ಯ ಹಳಿಯುದ್ದಕ್ಕೂ ಅದನ್ನೇ ಹಾಕಿದರೆ ಒಂದು ರೈಲು ಮುಂದಿನ ರೈಲ್ ಸಿಗ್ನಲ್ ತನಕ ದಾರಿ ಪೂರ್ತಿ ಸಿಗುವವರೆಗೆ ಕದಲುವುದಿಲ್ಲ. ಡೆಡ್‌ಲಾಕ್ ಇಲ್ಲ, ಆದರೆ ಸಂಚಾರ ಆಮೆಗತಿ. ಜಂಕ್ಷನ್ನುಗಳ ನಡುವಿನ ಬಯಲು ಹಳಿಯಲ್ಲಿ ಒಂದು ರೈಲುದ್ದಕ್ಕೆ ಒಂದರಂತೆ ರೈಲ್ ಸಿಗ್ನಲ್ ಸಾಕು.

2.0ದಲ್ಲಿ ಸ್ಪೇಸ್ ಏಜ್ ವಿಸ್ತರಣೆ ಇದ್ದವರಿಗೆ ಎತ್ತರದ ಹಳಿ ಇದೆ. ಮೇಲಿನ ಹಳಿ ಕೆಳಗಿನದನ್ನು ದಾಟಿದರೆ ಬ್ಲಾಕ್ ಸೇರುವುದಿಲ್ಲ. ಪದೇ ಪದೇ ಕಟ್ಟಿಕೊಳ್ಳುವ ನಾಲ್ಕು ದಾರಿಯ ಕೂಡುಹಳಿಗೆ ಸಿಗ್ನಲ್ ಕಸರತ್ತು ಮಾಡುವುದಕ್ಕಿಂತ ಒಂದು ದಿಕ್ಕನ್ನು ಮೇಲೆತ್ತಿಬಿಡುವುದು ಲೇಸು.

ನೋ ಪಾತ್

ಹಳಿ ಕಣ್ಣೆದುರೇ ಇದೆ, ರೈಲು ಮಾತ್ರ ದಾರಿಯಿಲ್ಲ ಎನ್ನುತ್ತದೆ. ಇಲ್ಲಿ ಊಹೆ ಮಾಡುತ್ತಾ ಕೂರಬೇಡಿ, ಅರ್ಧರ್ಧ ಮಾಡುತ್ತಾ ಹುಡುಕಿ. ರೈಲಿನ ವಿಂಡೋ ತೆರೆದು, ಅದರ ಮ್ಯಾಪಿನಲ್ಲಿ ಕಂಟ್ರೋಲ್ ಒತ್ತಿ ದಾರಿಯ ನಡುವಿನ ಒಂದು ಹಳಿಯ ಮೇಲೆ ಕ್ಲಿಕ್ ಮಾಡಿದರೆ ತಾತ್ಕಾಲಿಕ ನಿಲ್ದಾಣ ಸೇರುತ್ತದೆ. ಅಲ್ಲಿಗೆ ಹೋಗಲು ಸಾಧ್ಯವಾದರೆ ದೋಷ ಅದರಾಚೆ, ಇಲ್ಲದಿದ್ದರೆ ಈಚೆ. ಐದಾರು ಕ್ಲಿಕ್ಕಿನಲ್ಲಿ ಕೆಟ್ಟ ಜಾಗಕ್ಕೆ ಬಂದು ಮುಟ್ಟುತ್ತೀರಿ.

ಅಲ್ಲಿ ಸಾಮಾನ್ಯವಾಗಿ ಸಿಗುವುದು ಸಿಗ್ನಲ್ಲಿನ ದಿಕ್ಕು. ಸಿಗ್ನಲ್ ಯಾವಾಗಲೂ ರೈಲು ಹೋಗುವ ದಿಕ್ಕಿನ ಬಲಬದಿಗೆ. ಹಳಿಯ ಒಂದೇ ಬದಿಗೆ ಸಿಗ್ನಲ್ ಇದ್ದರೆ ಆ ಹಳಿ ಏಕಮುಖ. ಎರಡೂ ದಿಕ್ಕಿಗೆ ಓಡಬೇಕಾದರೆ ಎದುರುಬದುರಾಗಿ ಜೋಡಿ ಸಿಗ್ನಲ್ ಬೇಕು. ಜೋಡಿಯಲ್ಲಿ ಒಂದು ಹೋದರೂ ಒಂದು ದಿಕ್ಕು ಮುಚ್ಚಿಹೋಯಿತು. ಟ್ರೈನ್ ಸ್ಟಾಪ್‌ಗೂ ಇದೇ ಮಾತು: ಬಲಬದಿಗಿರಬೇಕು, ಎಡಬದಿಗಿರುವ ಸ್ಟಾಪ್ ಆ ದಿಕ್ಕಿನಿಂದ ಬರುವ ರೈಲಿನ ಪಾಲಿಗೆ ಇಲ್ಲವೇ ಇಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ವಿಶೇಷ ಗುಂಡಿ ಇದೆ. ರಸ್ತೆಯೂ ರೈಲೂ ಎಡಬದಿಗೆ ನಡೆಯುವ ದೇಶದವರಾದ್ದರಿಂದ ಜೋಡಿಹಳಿಯನ್ನೂ ಎಡಕ್ಕೆ ನಡೆಯುವಂತೆಯೇ ಹಾಕುತ್ತೇವೆ. ಆಟ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಸಿಗ್ನಲ್ ಬಲಬದಿಗೇ ಬೀಳುವುದರಿಂದ ಎಡನಡೆಯಲ್ಲಿ ಅವೆಲ್ಲ ಎರಡು ಹಳಿಗಳ ನಡುವೆ ಕೂರುತ್ತವೆ, ಅಲ್ಲಿ ಜಾಗ ಬಿಟ್ಟಿರಬೇಕು. ಬಲನಡೆಯಲ್ಲಿ ಅವು ಹೊರಬದಿಗೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ವಿನ್ಯಾಸಗಳು, ಅಂದರೆ ಬ್ಲೂಪ್ರಿಂಟ್‌ಗಳು ಹೆಚ್ಚಾಗಿ ಬಲನಡೆಯವು. ಎಡನಡೆಯ ಜಾಲಕ್ಕೆ ಅಂಥ ಒಂದು ಜಂಕ್ಷನ್ ಅಂಟಿಸಿದರೆ ಹಳಿ ಹಳಿಗೆ ಚೆನ್ನಾಗಿಯೇ ಕೂಡುತ್ತದೆ, ಸಿಗ್ನಲ್ ಮಾತ್ರ ಎಲ್ಲ ಎದುರು ದಿಕ್ಕಿಗೆ. ಆ ಕಡೆ ಹೋಗುವ ಎಲ್ಲ ರೈಲುಗಳೂ ಒಟ್ಟಿಗೆ ನೋ ಪಾತ್ ಎಂದು ಕೂಗುತ್ತವೆ.

ಉಳಿದ ಕಾರಣಗಳು ಚಿಕ್ಕವು. ಮುಂದೆ ಮಾತ್ರ ಇಂಜಿನ್ ಇರುವ ರೈಲು ತುದಿ ಮುಚ್ಚಿದ ಸ್ಟೇಷನ್ನಿಗೆ ಹೋಗಬಹುದು, ವಾಪಸ್ ಬರಲಾರದು. ಹಿಂದೆ ತಿರುಗಿ ನಿಂತ ಇಂಜಿನ್ ಬೇಕು, ಇಲ್ಲವೇ ಸುತ್ತುಹಳಿ. ತಿರುವಿನ ಬಳಿ ಹಳಿ ಕೂಡಿದಂತೆ ಕಂಡು ಕೂಡಿರುವುದಿಲ್ಲ. ಇನ್ನು ಹೆಸರು: ಸ್ಟೇಷನ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಕೊನೆಯ ಒಂದು ಸ್ಪೇಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಂದೇ ಹೆಸರಿನ ಹಲವು ಸ್ಟೇಷನ್ನುಗಳಲ್ಲಿ ಒಂದರ ಹೆಸರು ಬದಲಿಸಿದರೆ ರೈಲಿನ ಶೆಡ್ಯೂಲ್ (ಹೋಗಬೇಕಾದ ಸ್ಟೇಷನ್ನುಗಳ ಪಟ್ಟಿ) ಬದಲಾಗುವುದಿಲ್ಲ, ಆ ಹೆಸರಿನದು ಅದೊಂದೇ ಆಗಿದ್ದರೆ ಮಾತ್ರ ಶೆಡ್ಯೂಲ್ ತಾನಾಗಿ ಹಿಂಬಾಲಿಸುತ್ತದೆ. ಟೈಪ್ ಮಾಡಿದ ಹೆಸರಿಗಿಂತ ವಸ್ತುವಿನ ಐಕಾನ್ ಇಟ್ಟ ಹೆಸರು ಮೇಲು, ಕಾಗುಣಿತದ ತಂಟೆಯೇ ಇರುವುದಿಲ್ಲ.

ಡೆಸ್ಟಿನೇಷನ್ ಫುಲ್

ಇದು ದೋಷವಲ್ಲ, ಟ್ರೈನ್ ಲಿಮಿಟ್ ತನ್ನ ಕೆಲಸ ಮಾಡುತ್ತಿದೆ ಅಷ್ಟೆ. ಹೋಗಬೇಕಾದ ಸ್ಟೇಷನ್ನಿನಲ್ಲಿ ಜಾಗ ಸಿಗುವವರೆಗೆ ರೈಲು ಇದ್ದಲ್ಲೇ ಇರುತ್ತದೆ. ಇದ್ದ ಜಾಗವನ್ನೂ ಬಿಟ್ಟುಕೊಡುವುದಿಲ್ಲ ಎಂಬುದೇ ತೊಂದರೆಯ ಮೂಲ.

ಲೆಕ್ಕ ಸರಳ. ತುಂಬುವ ಸ್ಟೇಷನ್ನುಗಳ ಲಿಮಿಟ್ಟನ್ನೂ ಇಳಿಸುವ ಸ್ಟೇಷನ್ನುಗಳ ಲಿಮಿಟ್ಟನ್ನೂ ಕೂಡಿಸಿ, ರೈಲುಗಳ ಸಂಖ್ಯೆ ಆ ಮೊತ್ತಕ್ಕಿಂತ ಒಂದಾದರೂ ಕಡಿಮೆ ಇರಲಿ. ನಾಲ್ಕು ಗಣಿ, ತಲಾ ಲಿಮಿಟ್ 1. ಕುಲುಮೆಯ ಸ್ಟೇಷನ್, ಲಿಮಿಟ್ 2. ಮೊತ್ತ 6, ರೈಲು ಹೆಚ್ಚೆಂದರೆ 5. ಆರನೆಯದನ್ನು ಸೇರಿಸಿದ ದಿನ ಎಲ್ಲ ಜಾಗವೂ ಭರ್ತಿ, ಯಾವುದೂ ಕದಲುವಂತಿಲ್ಲ.

ಲಿಮಿಟ್ಟನ್ನು ಸರ್ಕ್ಯೂಟ್‌ನಿಂದ ಇಳಿಸಿ ಏರಿಸುವವರಿಗೆ ಈ ಲೆಕ್ಕ ಸಾಲದು. ಸಾಮಾನ್ಯ ಜೋಡಣೆ ಹೀಗಿರುತ್ತದೆ: ಸರಕಿಡುವ ಪೆಟ್ಟಿಗೆಗಳಾದ ಚೆಸ್ಟ್‌ಗಳನ್ನೆಲ್ಲ ವೈರಿನಲ್ಲಿ ಸೇರಿಸಿ, ಲೆಕ್ಕ ಮಾಡುವ ಸಾಧನವಾದ ಅರಿತ್‌ಮೆಟಿಕ್ ಕಾಂಬಿನೇಟರ್‌ನಲ್ಲಿ ಅದಿರಿನ ಸಂಖ್ಯೆಯನ್ನು 8000ದಿಂದ ಭಾಗಿಸಿ, ಉತ್ತರವನ್ನು ಎಲ್ (L) ಎಂಬ ಸರ್ಕ್ಯೂಟ್ ಸಂಕೇತವಾಗಿ ಸ್ಟಾಪ್‌ಗೆ ಕೊಡುವುದು. ಒಂದು ವ್ಯಾಗನ್ 40 ಸ್ಲಾಟ್ (ಖಾನೆ), ಅದಿರು ಸ್ಲಾಟಿಗೆ 50, ವ್ಯಾಗನ್ನಿಗೆ 2000, ನಾಲ್ಕು ವ್ಯಾಗನ್ನಿಗೆ 8000. ಭಾಗಾಕಾರದಲ್ಲಿ ದಶಾಂಶ ಉಳಿಯುವುದಿಲ್ಲ, 7999 ಇದ್ದರೂ ಲಿಮಿಟ್ 0. ಗಣಿಗಳೆಲ್ಲ ಒಟ್ಟಿಗೆ ಬರಿದಾದಾಗ ಮೊತ್ತ 6ರಿಂದ 2ಕ್ಕೆ ಕುಸಿಯುತ್ತದೆ. ಆಗ ಕುಲುಮೆಯ ಪ್ಲಾಟ್‌ಫಾರ್ಮ್ ನೋಡಿ: ಅದಿರು ಇಳಿಸಿ ಮುಗಿಸಿದ ಖಾಲಿ ರೈಲು ಹೋಗಲು ಜಾಗವಿಲ್ಲದೆ ಅಲ್ಲೇ ಕೂತಿದೆ, ಅದರ ಹಿಂದೆ ತುಂಬಿದ ರೈಲು ಕಾಯುತ್ತಿದೆ, ಕುಲುಮೆ ಹಸಿದಿದೆ. ಅದಿರು ಪ್ಲಾಟ್‌ಫಾರ್ಮಿನಿಂದ ಐವತ್ತು ಟೈಲ್ ದೂರದಲ್ಲಿ ಇದ್ದೂ ಇಲ್ಲದಂತೆ.

ಮದ್ದು ಡಿಪೋ, ಅಂದರೆ ಕೆಲಸವಿಲ್ಲದ ರೈಲುಗಳು ಕಾಯುವ ಜಾಗ. 2.0ದಲ್ಲಿ ಇಂಟರಪ್ಟ್ ಮಾಡಿ, ಷರತ್ತು 'ಡೆಸ್ಟಿನೇಷನ್ ಫುಲ್ ಆರ್ ನೋ ಪಾತ್' ಮತ್ತು ಅದರ ಜೊತೆಗೆ 'ಎಂಪ್ಟಿ ಕಾರ್ಗೋ' (ಸರಕು ಖಾಲಿ), ಗುರಿ ಡಿಪೋ. ಎರಡನೆಯ ಷರತ್ತನ್ನು ಬಿಟ್ಟರೆ ತುಂಬಿದ ರೈಲುಗಳೂ ಡಿಪೋಗೆ ನುಗ್ಗಿ ಅಲ್ಲಿನ ಹಳಿಗಳನ್ನೆಲ್ಲ ಹಿಡಿದುಬಿಡುತ್ತವೆ, ಖಾಲಿಯವಕ್ಕೆ ಜಾಗ ಉಳಿಯುವುದಿಲ್ಲ. ಡಿಪೋದಲ್ಲಿ ಒಟ್ಟು ರೈಲುಗಳಷ್ಟೇ ಹಳಿ ಇರಲಿ, ಜಿಪುಣತನ ಬೇಡ.

ಲಿಮಿಟ್ ಇಳಿದರೂ ಆಗಲೇ ಹೊರಟ ರೈಲು ವಾಪಸ್ಸಾಗುವುದಿಲ್ಲ, ಕಾಯ್ದಿರಿಸಿದ ಜಾಗಕ್ಕೆ ಬಂದೇ ಬರುತ್ತದೆ. ಆದ್ದರಿಂದ ಲಿಮಿಟ್ ಎಂದೂ ಪ್ಲಾಟ್‌ಫಾರ್ಮ್ ಮತ್ತು ಅದರ ಹಿಂದಿನ ಕಾಯುವ ಹಳಿಗಳ ಒಟ್ಟು ಸಂಖ್ಯೆಯನ್ನು ಮೀರಬಾರದು. ಒಂದು ಪ್ಲಾಟ್‌ಫಾರ್ಮ್, ಎರಡು ಕಾಯುವ ಹಳಿ ಇದ್ದರೆ ಲಿಮಿಟ್ 3. ಕಾಂಬಿನೇಟರ್ 5 ಎಂದರೆ ಉಳಿದೆರಡು ಮುಖ್ಯ ಹಳಿಯ ಮೇಲೆ ನಿಲ್ಲುತ್ತವೆ. ಕಾಯುವ ಹಳಿಗಳಿಗೆ ಸಿಗ್ನಲ್ ಹೀಗೆ: ಕವಲೊಡೆಯುವ ಮುನ್ನ ಚೈನ್, ಪ್ರತಿ ಹಳಿಯ ಆರಂಭಕ್ಕೆ ರೈಲ್ ಸಿಗ್ನಲ್, ಕೊನೆಗೆ ಚೈನ್, ಪ್ಲಾಟ್‌ಫಾರ್ಮಿನ ಬಾಯಲ್ಲಿ ರೈಲ್.

ಲಿಮಿಟ್ ಹಾಕದೆ ಬಿಟ್ಟ ಜಾಲದಲ್ಲಿ ಇದಕ್ಕೆ ವಿರುದ್ಧ: ಡೆಸ್ಟಿನೇಷನ್ ಫುಲ್ ಎಂದೂ ಬರುವುದಿಲ್ಲ, ಎಲ್ಲ ರೈಲೂ ಹತ್ತಿರದ ಗಣಿಗೇ ಮುಗಿಬಿದ್ದು ದೂರದ ಗಣಿಯ ಚೆಸ್ಟ್ ತುಂಬಿ ತುಳುಕುತ್ತದೆ. ಪ್ರಯಾರಿಟಿ 0ರಿಂದ 255ರವರೆಗೆ, ತಾನಾಗಿ ಇರುವುದು 50. ಅದನ್ನು ಏರಿಸಿ ಲಿಮಿಟ್ ಹಾಕದಿದ್ದರೂ ಇದೇ ಗತಿ.

ಸ್ಟೇಷನ್ನಿನಲ್ಲೇ ಬೇರೂರಿದ ರೈಲು

ಕೊನೆಯ ವ್ಯಾಗನ್ ಮಾತ್ರ ತುಂಬುತ್ತಿಲ್ಲವೇ? ಅದು ತಿರುವಿನ ಮೇಲೆ ನಿಂತಿರುತ್ತದೆ, ಸರಕು ಎತ್ತಿಡುವ ಯಂತ್ರವಾದ ಇನ್ಸರ್ಟರ್‌ನ ಕೈಗೆ ಎಟುಕುವುದಿಲ್ಲ. ಪ್ಲಾಟ್‌ಫಾರ್ಮಿನ ಪೂರ್ತಿ ರೈಲುದ್ದ ನೇರವಿರಲಿ.

'ಎಂಪ್ಟಿ ಕಾರ್ಗೋ' ಎಂದೂ ಮುಗಿಯುತ್ತಿಲ್ಲವಾದರೆ ವ್ಯಾಗನ್ ತೆರೆದು ನೋಡಿ. ಕಬ್ಬಿಣದ ಅದಿರಿನ ನಡುವೆ ಮೂರು ತಾಮ್ರದ ಅದಿರು ಸಿಕ್ಕರೆ ಗಣಿಯಲ್ಲಿ ಎರಡು ನಿಕ್ಷೇಪಗಳು ಒಂದರ ಮೇಲೊಂದು ಬಂದಿವೆ, ಒಂದು ಡ್ರಿಲ್ ಎರಡನ್ನೂ ಅಗೆಯುತ್ತಿದೆ. ಆ ಡ್ರಿಲ್ ಕಿತ್ತುಹಾಕಿ ಅಥವಾ ತುಂಬುವ ಇನ್ಸರ್ಟರ್‌ಗೆ ಫಿಲ್ಟರ್ ಹಾಕಿ. 2.0ದಲ್ಲಿ ಅದಕ್ಕೆಂದು ಬೇರೆ ಇನ್ಸರ್ಟರ್ ಬೇಕಿಲ್ಲ. ವ್ಯಾಗನ್ನಿನ ಸ್ಲಾಟ್ ಮೇಲೆ ಮೌಸಿನ ನಡುಗುಂಡಿ ಒತ್ತಿ ಅಲ್ಲೇ ಫಿಲ್ಟರ್ ಕೊಡುವುದೂ ಆಗುತ್ತದೆ.

ಒಂದೇ ರೈಲಿನಿಂದ ಹಲವು ಸರಕು ಸಾಗಿಸುವವರು ಇಳಿಸುವ ಕಡೆ 'ಇನ್‌ಆ್ಯಕ್ಟಿವಿಟಿ' (ಸ್ವಲ್ಪ ಹೊತ್ತು ಏನೂ ಇಳಿಯದಿದ್ದರೆ ಹೊರಡು ಎಂಬುದು) ಅಥವಾ ಸಮಯದ ಷರತ್ತಿನ ಮೇಲೆ ರೈಲನ್ನು ಬಿಡಬಾರದು. ಚೆಸ್ಟ್ ತುಂಬಿದ್ದರಿಂದ ಇಳಿಯದೆ ಉಳಿದ 200 ಪ್ಲೇಟ್ ಹೊತ್ತು ರೈಲು ಮುಂದಿನ ಗಣಿಗೆ ಹೋಗುತ್ತದೆ. ಅಲ್ಲಿಂದ ಕಲಬೆರಕೆ ಊರೆಲ್ಲ ಹರಡುತ್ತದೆ. ಖಾಲಿಯಾಗುವವರೆಗೆ ಕಾಯಲಿ, ಬರುವುದನ್ನು ಲಿಮಿಟ್‌ನಿಂದ ತಡೆಯಿರಿ.

ಬೇರೆ ಊರಿಗೆ ಹೋಗುವ ರೈಲು ನಿಮ್ಮ ಪ್ಲಾಟ್‌ಫಾರ್ಮ್ ಮೂಲಕ ಹಾದುಹೋಗುವುದೂ ಉಂಟು. ದಾರಿ ಹುಡುಕುವಾಗ ಆಟ ನಡುವೆ ಸಿಗುವ ಪ್ರತಿ ಸ್ಟಾಪ್‌ಗೆ 2000 ಟೈಲ್‌ನಷ್ಟು ದಂಡ ಸೇರಿಸುತ್ತದೆ. ಸುತ್ತುದಾರಿ ಅದಕ್ಕಿಂತಲೂ ಉದ್ದವಿದ್ದರೆ, ಇಲ್ಲವೇ ಸುತ್ತುದಾರಿಯೇ ಇಲ್ಲದಿದ್ದರೆ, ಅದು ಒಳಗಿಂದಲೇ ನುಗ್ಗುತ್ತದೆ. ಪಕ್ಕದಲ್ಲಿ ಒಂದು ಬೈಪಾಸ್ ಹಳಿ ಹಾಕಿದರೆ ಮುಗಿಯಿತು.

ಇಂಧನ

ಇಂಜಿನ್ 600 ಕಿಲೋವ್ಯಾಟ್ ತಿನ್ನುತ್ತದೆ, ಒಂದು ಕಲ್ಲಿದ್ದಲಿನಲ್ಲಿ 4 ಮೆಗಾಜೂಲ್. ಪೂರ್ಣ ವೇಗವರ್ಧನೆಯಲ್ಲಿ ಒಂದು ಕಲ್ಲಿದ್ದಲು ಆರೂವರೆ ಸೆಕೆಂಡ್ ಚಿಲ್ಲರೆ. ಇಂಟರಪ್ಟ್‌ನಲ್ಲಿ 'ಇಂಧನ 10ಕ್ಕಿಂತ ಕಡಿಮೆ' ಎಂದಿಟ್ಟರೆ ಉಳಿದದ್ದು ಸುಮಾರು 67 ಸೆಕೆಂಡಿನ ಓಟ. ಇಂಟರಪ್ಟ್ ನಡುದಾರಿಯಲ್ಲಿ ಕೆಲಸ ಮಾಡುವುದಿಲ್ಲ, ಸ್ಟೇಷನ್ನಿನಿಂದ ಹೊರಡುವಾಗ ಮಾತ್ರ ಪರೀಕ್ಷಿಸುತ್ತದೆ. ಹೊರಡುವಾಗ 11 ಇದ್ದು ಮುಂದಿನ ಸ್ಟೇಷನ್ ಮೂರು ನಿಮಿಷ ದೂರವಿದ್ದರೆ ರೈಲು ಮುಖ್ಯ ಹಳಿಯ ಮೇಲೆ ಸಾಯುತ್ತದೆ. ನಿಮ್ಮ ಅತಿ ಉದ್ದದ ಪಯಣಕ್ಕೆ ಬೇಕಾದಷ್ಟನ್ನೂ, ಅಲ್ಲಿಂದ ಇಂಧನದ ಸ್ಟೇಷನ್ನಿಗೆ ಹೋಗುವಷ್ಟನ್ನೂ ಸೇರಿಸಿ ಆ ಸಂಖ್ಯೆ ಇಡಿ.

ಎಲ್ಲ ಓಡುತ್ತಿವೆ, ಆದರೂ ಸಾಲದು

ಜಾಮ್ ಇಲ್ಲ, ಕೆಂಪು ಎಚ್ಚರಿಕೆ ಇಲ್ಲ, ಕುಲುಮೆ ಮಾತ್ರ ಆಗಾಗ ಖಾಲಿ. ಇಲ್ಲಿ ಹಳಿಯನ್ನು ಬೈಯುವ ಮೊದಲು ಸ್ಟೇಷನ್ ಲೆಕ್ಕ ನೋಡಿ. ನೀಲಿ ಬೆಲ್ಟ್ ಸೆಕೆಂಡಿಗೆ 45, ಕೆಂಪು 30, ಹಳದಿ 15. ನಾಲ್ಕು ವ್ಯಾಗನ್ನಿನ 8000 ಅದಿರು ಒಂದು ನೀಲಿ ಬೆಲ್ಟಿಗೆ 178 ಸೆಕೆಂಡ್ ಸಾಕಾಗುತ್ತದೆ. ಹೋಗಿಬರುವ ಸುತ್ತು, ತುಂಬುವ ಇಳಿಸುವ ಹೊತ್ತೂ ಸೇರಿ, 6 ನಿಮಿಷವಾದರೆ 360 ಭಾಗಿಸು 178, ಎರಡಕ್ಕಿಂತ ಕೂದಲೆಳೆ ಹೆಚ್ಚು, ಅಂದರೆ 3 ರೈಲು. ಎರಡೇ ಇದ್ದರೆ ಕೊರತೆ ಖಂಡಿತ, ಹತ್ತು ಇದ್ದರೆ ಏಳು ಸುಮ್ಮನೆ ನಿಂತಿರುತ್ತವೆ.

ಗಣಿಯ ಕಡೆ ಒಂದೇ ಹಳದಿ ಬೆಲ್ಟ್ ಇದ್ದರೆ ಅದೇ 8000 ಒಟ್ಟಾಗಲು 533 ಸೆಕೆಂಡ್ ಬೇಕು. ರೈಲು ಎಷ್ಟು ಸೇರಿಸಿದರೂ ಇದು ಬದಲಾಗುವುದಿಲ್ಲ, ಇನ್ನೊಂದು ಗಣಿ ಬೇಕು.

ಬೆಲ್ಟಿನಿಂದ ವ್ಯಾಗನ್ನಿಗೆ ನೇರ ಹಾಕುವುದಕ್ಕಿಂತ ನಡುವೆ ಉಕ್ಕಿನ ಚೆಸ್ಟ್ ಇಡಿ. 48 ಸ್ಲಾಟ್, 2400 ಅದಿರು. ವ್ಯಾಗನ್ನಿನ ಒಂದು ಬದಿಗೆ ಹಿಡಿಯುವ ಆರು ಚೆಸ್ಟ್‌ಗಳಲ್ಲಿ 14,400, ಏಳು ಬಾರಿ ತುಂಬುವಷ್ಟು. ಸಂಶೋಧನೆ ಪೂರ್ತಿಯಾದ ಬಲ್ಕ್ ಇನ್ಸರ್ಟರ್ ಚೆಸ್ಟಿನಿಂದ ವ್ಯಾಗನ್ನಿಗೆ ಸೆಕೆಂಡಿಗೆ 27ಕ್ಕೂ ಹೆಚ್ಚು ಸಾಗಿಸುತ್ತದೆ, ಆರು ಸೇರಿದರೆ ವ್ಯಾಗನ್ 12 ಸೆಕೆಂಡಿನಲ್ಲಿ ಭರ್ತಿ. ಅಷ್ಟು ಬೇಗ ತುಂಬುವ ಪ್ಲಾಟ್‌ಫಾರ್ಮಿಗೆ ಎರಡನೆಯದು ಬೇಕಾಗುವುದೇ ಅಪರೂಪ. ಚೆಸ್ಟ್‌ಗಳು ಸಮನಾಗಿ ತುಂಬುತ್ತಿವೆಯೇ ಎಂದು ಮಾತ್ರ ನೋಡಿ. ಬೆಲ್ಟಿನ ಮೊದಲ ಚೆಸ್ಟ್ ಎಲ್ಲವನ್ನೂ ನುಂಗಿ ಕೊನೆಯದು ಖಾಲಿಯಿದ್ದರೆ ಒಂದು ವ್ಯಾಗನ್ನಿಗಾಗಿ ಮೂರು ಕಾಯುತ್ತವೆ. ಬೆಲ್ಟನ್ನು ಸ್ಪ್ಲಿಟರ್‌ನಿಂದ ವ್ಯಾಗನ್ನಿಗೊಂದರಂತೆ ಸಮನಾಗಿ ಒಡೆಯಿರಿ.

ಇಷ್ಟೆಲ್ಲ ಸರಿಯಿದ್ದೂ ಜಂಕ್ಷನ್ನಿನಲ್ಲಿ ಸಾಲು ಬೆಳೆಯುತ್ತಿದ್ದರೆ ಇಂಧನ ಬದಲಿಸಿ. ಕಲ್ಲಿದ್ದಲಿನಲ್ಲಿ ಗರಿಷ್ಠ ವೇಗ ಗಂಟೆಗೆ 259 ಕಿಲೋಮೀಟರ್, ರಾಕೆಟ್ ಇಂಧನದಲ್ಲಿ 298. ಆದರೆ ಲಾಭ ಗರಿಷ್ಠ ವೇಗದಲ್ಲಿಲ್ಲ, ವೇಗವರ್ಧನೆಯಲ್ಲಿದೆ: ರಾಕೆಟ್ ಇಂಧನಕ್ಕೆ ಅದು 1.8 ಪಟ್ಟು. ನಿಂತ ರೈಲು ಜಂಕ್ಷನ್ ದಾಟುವ ಹೊತ್ತು ಕಡಿಮೆಯಾದಷ್ಟೂ ಹಿಂದಿನದಕ್ಕೆ ಬೇಗ ಹಸಿರು ಸಿಗುತ್ತದೆ. ಒಂದು ಇಂಜಿನ್ನಿಗೆ ನಾಲ್ಕಕ್ಕಿಂತ ಹೆಚ್ಚು ತುಂಬಿದ ವ್ಯಾಗನ್ ಕಟ್ಟಿದ್ದರೆ ಮಾತ್ರ ಇನ್ನೊಂದು ಇಂಜಿನ್ ಸೇರಿಸಿ. ಹಾಗೆ ಸೇರಿಸಿದ ಮೇಲೆ ರೈಲು 7 ಟೈಲ್ ಉದ್ದವಾಗಿರುತ್ತದೆ, ಜಂಕ್ಷನ್ನುಗಳ ಹೊರಗಿನ ಬ್ಲಾಕ್‌ಗಳನ್ನು ಮತ್ತೊಮ್ಮೆ ಅಳೆಯಬೇಕು.